ಹೆದರುವವರ ಪಾಠಕ್ಕೆ ಎಷ್ಟು?

ಜೂನ್ ೩

ಪ್ರೀತಿಯ ಚಿಕ್ಕಮ್ಮ,

ಲಕೋಟೆ ಇಷ್ಟು ದಪ್ಪಗಿರುವುದನ್ನು ನೋಡಿ ನಾನು ಏನೋ ದೊಡ್ಡ ಸುದ್ದಿ ಬರೆದಿದ್ದೇನೆ ಅಂದುಕೊಂಡಿದ್ದರೆ ಕ್ಷಮಿಸು. ಒಳಗಿರುವುದು ಬರೀ ಅರ್ಥಶಾಸ್ತ್ರ.

ಈ ಪ್ರಕಾಶನದಲ್ಲಿ ಆರು ವರ್ಷ ಬೇರೆಯವರ ಕರಡು ತಿದ್ದಿದ್ದಾಯಿತು. ಈಗ ಮೊದಲ ಸಲ ನನಗೇ ಒಂದು ಪುಸ್ತಕ ಬರೆಯಲು ಕೊಟ್ಟಿದ್ದಾರೆ. ಅರ್ಥಶಾಸ್ತ್ರದ ಮೂಲ ಸಂಗತಿಗಳನ್ನು ಮನೆಮಂದಿಗೆಲ್ಲ ತಿಳಿಯುವ ಹಾಗೆ ಹೇಳಬೇಕಂತೆ. ಹಿಗ್ಗಿನಿಂದ ಮೊದಲ ಅಧ್ಯಾಯ ಬರೆದು ಸಂಪಾದಕರ ಮೇಜಿನ ಮೇಲಿಟ್ಟೆ. ಅವರು ನಾಲ್ಕು ಪುಟ ಓದಿ ಕನ್ನಡಕ ತೆಗೆದರು. "ಇದು ನಿಮ್ಮ ಮೇಷ್ಟ್ರಿಗೆ ಅರ್ಥ ಆಗುತ್ತೆ. ಈ ವಿಷಯದ ಗಂಧಗಾಳಿ ಇಲ್ಲದವರೊಬ್ಬರನ್ನ ಹಿಡೀರಿ. ಅವರಿಗೆ ಎಲ್ಲಿ ತಿಳಿಯಲ್ವೋ ಅಲ್ಲಿ ತಪ್ಪು ನಿಮ್ಮದು, ಅವರದಲ್ಲ" ಅಂದರು.

ಗಂಧಗಾಳಿ ಇಲ್ಲದವರು ಅಂದ ಕೂಡಲೇ ನಿನ್ನ ನೆನಪಾಯಿತು. ಸಿಟ್ಟಾಗಬೇಡ. ನನಗೆ ಗೊತ್ತಿರುವವರಲ್ಲಿ ತಿಳಿಯದ್ದನ್ನು ತಿಳಿಯಲಿಲ್ಲ ಎಂದು ಬಾಯಿಬಿಟ್ಟು ಹೇಳುವವಳು ನೀನೊಬ್ಬಳೇ. ಅಮ್ಮ ಪಾಳಿ ಮುಗಿಸಿ ಬರುವವರೆಗೆ ನಿನ್ನ ಡ್ರೈವಿಂಗ್ ಸ್ಕೂಲಿನ ಕಾರಿನ ಹಿಂದಿನ ಸೀಟಿನಲ್ಲಿ ಕೂತು ನಾನು ಮಗ್ಗಿ ಬಾಯಿಪಾಠ ಮಾಡುತ್ತಿದ್ದೆನಲ್ಲ, ಆಗ ಏಳೆಂಟಲಿ ಎಷ್ಟು ಅಂತ ನಾನು ಕೇಳಿದರೆ, "ನಂಗೊತ್ತಿಲ್ಲ ಕಣೇ, ನೀನೇ ಹೇಳು" ಅನ್ನುತ್ತಿದ್ದೆ. ಕಲಿಯುವವರು ತಪ್ಪಿದಾಗ ನೀನು ನಿನ್ನ ಕಾಲ ಬಳಿಯ ಎರಡನೇ ಬ್ರೇಕ್ ತುಳಿದಾಗಲೆಲ್ಲ ನಾನು ಮುಂದಿನ ಸೀಟಿಗೆ ಹಣೆ ಜಪ್ಪಿಸಿಕೊಳ್ಳುತ್ತಿದ್ದೆ. ಆ ಸೀಟಿನಲ್ಲಿ ಕಲಿತದ್ದೇ ನನ್ನ ಮೊದಲ ಲೆಕ್ಕ, ಚಿಕ್ಕಮ್ಮ.

ಕೆಂಪು ಪೆನ್ಸಿಲು ಇಟ್ಟಿದ್ದೇನೆ. ತಲೆಗೆ ಹೋಗದ ಕಡೆಯೆಲ್ಲ ಗೀಚಿ ವಾಪಸು ಕಳಿಸು. ಫೋನಿನಲ್ಲಿ ಹೇಳಬೇಡ, ಫೋನಿನಲ್ಲಿ ನಾವಿಬ್ಬರೂ ಬರೀ ನಗುತ್ತೇವೆ.

ನಿನ್ನ
ಅಕ್ಕನ ಮಗಳು

•

ಜೂನ್ ೧೪

ಹಿಂದಿನ ಸೀಟಿನ ರಾಣಿಗೆ,

ಪೆನ್ಸಿಲು ಅರ್ಧಕ್ಕೆ ಬಂದಿದೆ. ಇನ್ನೊಂದು ಕಳಿಸು.

"ಸೀಮಿತ ಸಂಪನ್ಮೂಲಗಳ ಪರ್ಯಾಯ ಬಳಕೆ" ಅಂತ ಶುರು ಮಾಡಿದ್ದೀಯಲ್ಲ, ಅದನ್ನು ಮೂರು ಸಲ ಓದಿದೆ. ನಾಲ್ಕನೇ ಸಲ ಓದುವಷ್ಟರಲ್ಲಿ ಹಾಲು ಉಕ್ಕಿಹೋಯಿತು. ಆಮೇಲೆ ಒಲೆ ಒರೆಸುತ್ತ ಯೋಚಿಸಿದೆ. ನನ್ನ ಹತ್ತಿರ ಇರುವುದು ಒಂದು ಕಾರು, ಹಗಲಿನ ಹತ್ತು ಗಂಟೆ, ಎರಡು ಮಂಡಿ, ಅದರಲ್ಲೂ ಬಲಗಡೆಯದು ಕೈಕೊಡುತ್ತಿದೆ. ಒಬ್ಬರಿಗೆ ಆ ಗಂಟೆ ಕೊಟ್ಟರೆ ಇನ್ನೊಬ್ಬರಿಗೆ ಇಲ್ಲ. ಇದೇ ತಾನೆ ನೀನು ಹೇಳಹೊರಟಿದ್ದು? ಹಾಗಿದ್ದರೆ ಹಾಗೇ ಬರಿ, ಮಾರಾಯ್ತಿ.

"ಬಿಟ್ಟುಕೊಟ್ಟದ್ದೇ ನಿಜವಾದ ಬೆಲೆ" ಅನ್ನುವ ಭಾಗ ಮಾತ್ರ ಚೆನ್ನಾಗಿದೆ. ಅಲ್ಲಿ ನಾನು ಗೀಚಿಲ್ಲ. ಅದನ್ನು ಓದಿದ ಮೇಲೆ ಬೆಳಿಗ್ಗೆ ಎದ್ದು ಹಲ್ಲುಜ್ಜುವಾಗಲೂ ಏನು ಬಿಟ್ಟುಕೊಡುತ್ತಿದ್ದೇನೆ ಅಂತ ಯೋಚನೆ ಬರುತ್ತಿದೆ.

ಇಲ್ಲಿಯ ಸುದ್ದಿಯನ್ನೂ ಹೇಳಿಬಿಡುತ್ತೇನೆ. ದೊಡ್ಡ ರಸ್ತೆಯಲ್ಲಿ ಒಂದು ಹೊಸ ಡ್ರೈವಿಂಗ್ ಸ್ಕೂಲು ಬಂದಿದೆ. ಹತ್ತು ಕಾರು, ಹತ್ತೂ ಬಿಳಿ. ನನ್ನ ದರದಲ್ಲಿ ಅರ್ಧಕ್ಕೆ ಪಾಠ. ನಾನು ಒಂದು ಗಂಟೆ ಹೇಳಿಕೊಟ್ಟರೆ ಅವರದು ಇಪ್ಪತ್ತು ನಿಮಿಷ, ಆದರೆ ಯಾರು ಗಡಿಯಾರ ನೋಡುತ್ತಾರೆ? ಹದಿನಾಲ್ಕು ಜನ ಕಲಿಯುತ್ತಿದ್ದರು ನನ್ನ ಹತ್ತಿರ, ಈಗ ಐದು. ಹೋದ ವಾರ ಅದರ ಮಾಲೀಕರೇ ಬಂದಿದ್ದರು. ಒಳ್ಳೆಯ ಮಾತಿನ ಮನುಷ್ಯ, ಇಸ್ತ್ರಿ ಮಾಡಿದ ಅಂಗಿ. "ಮೇಡಂ, ಈ ಹಳೇ ಕಾರನ್ನ ನಂಗೇ ಮಾರಿಬಿಡಿ, ನಮ್ಮಲ್ಲಿ ಸಂಬಳಕ್ಕೆ ಬನ್ನಿ. ನವೆಂಬರ್ ಕೊನೇವರೆಗೂ ಟೈಮ್ ತಗೊಳ್ಳಿ" ಅಂದರು.

ಇಪ್ಪತ್ತಾರು ವರ್ಷದಿಂದ ನಡೆಸಿಕೊಂಡು ಬಂದ ಸ್ಕೂಲು. ಮುಚ್ಚಲು ಮನಸ್ಸು ಒಪ್ಪುವುದಿಲ್ಲ. ಆದರೆ ಐದು ಜನರಿಂದ ಪೆಟ್ರೋಲಿನ ಖರ್ಚು ಕೂಡ ಹುಟ್ಟುವುದಿಲ್ಲ. ನಿನ್ನ ಎರಡನೇ ಅಧ್ಯಾಯ ಬೇಗ ಕಳಿಸು, ಉತ್ತರ ಅದರಲ್ಲೇ ಇದ್ದರೂ ಇರಬಹುದು.

ನಿನ್ನ
ಚಿಕ್ಕಮ್ಮ

•

ಜೂನ್ ೨೭

ಪ್ರೀತಿಯ ಚಿಕ್ಕಮ್ಮ,

ಮೊದಲ ಅಧ್ಯಾಯ ಹರಿದು ಹಾಕಿ ಹೊಸದಾಗಿ ಬರೆದೆ. ಈಗ ಅದು "ನಮ್ಮ ಚಿಕ್ಕಮ್ಮನ ಹತ್ತಿರ ಒಂದು ಕಾರು, ಹತ್ತು ಗಂಟೆ, ಎರಡು ಮಂಡಿ ಇವೆ" ಎಂದು ಶುರುವಾಗುತ್ತದೆ. ಸಂಪಾದಕರು ಜೋರಾಗಿ ನಕ್ಕರು. ಅವರು ನಗುವುದನ್ನು ನಾನು ಕಂಡಿದ್ದೇ ಮೊದಲು. ನಿನಗೆ ಎಷ್ಟು ಥ್ಯಾಂಕ್ಸ್ ಹೇಳಿದರೂ ಸಾಲದು.

ನಿನ್ನ ಸ್ಕೂಲಿನ ಸುದ್ದಿಯನ್ನು ಎರಡು ಸಲ ಓದಿದೆ. ಎರಡನೇ ಅಧ್ಯಾಯದ ಕಂತೆಯ ಜೊತೆ ಒಂದು ಉಪಾಯವನ್ನೂ ಕಳಿಸುತ್ತಿದ್ದೇನೆ. ಮನುಷ್ಯರು ತಮಗೆ ಯಾವುದಕ್ಕೆ ದುಡ್ಡು ಸಿಗುತ್ತದೋ ಅದನ್ನೇ ಹೆಚ್ಚು ಮಾಡುತ್ತಾರೆ ಅನ್ನುವುದು ಈ ಅಧ್ಯಾಯದ ತಿರುಳು. ನೀನು ಪಾಠಕ್ಕಿಷ್ಟು ಅಂತ ತೆಗೆದುಕೊಳ್ಳುತ್ತೀಯ. ಹೊಸಬರ ಕಣ್ಣಿಗೆ ಅದು ಹೇಗೆ ಕಾಣುತ್ತದೆ? "ಈಯಮ್ಮ ನಿಧಾನವಾಗಿ ಕಲಿಸಿದಷ್ಟೂ ಇವರಿಗೇ ಲಾಭ" ಅನ್ನಿಸುತ್ತದೆ. ಅದಕ್ಕೆ ಬದಲು, ಪರೀಕ್ಷೆಯಲ್ಲಿ ಪಾಸಾದರೆ ಮಾತ್ರ ದುಡ್ಡು ಅಂತ ಬೋರ್ಡು ಹಾಕು. ಪಾಸಾದ ದಿನ ಇಪ್ಪತ್ತು ಪಾಠದ ಹಣ ಒಟ್ಟಿಗೆ. ಫೇಲಾದರೆ ಬಿಡಿಗಾಸೂ ಬೇಡ, ಪಾಸಾಗುವವರೆಗೆ ಕಲಿಸುತ್ತೇನೆ ಅನ್ನು. ಹತ್ತು ಕಾರಿನವರು ಅಷ್ಟು ಧೈರ್ಯ ಮಾಡುತ್ತಾರಾ? ನಿನ್ನಷ್ಟು ಚೆನ್ನಾಗಿ ಕಲಿಸುವವರು ಯಾರಿದ್ದಾರೆ ಹೇಳು!

ಬೇಗ ಬರಿ.

ನಿನ್ನ
ಅಕ್ಕನ ಮಗಳು

•

ಜುಲೈ ೧೧

ಮಗಳೇ,

ನಿನ್ನ ಬಾಯಿಗೆ ಸಕ್ಕರೆ ಹಾಕ! ಬೋರ್ಡು ಹಾಕಿದ ವಾರದಲ್ಲೇ ಹನ್ನೊಂದು ಜನ ಬಂದರು. ಹನ್ನೊಂದು! ಬೆಳಿಗ್ಗೆ ಬಾಗಿಲು ತೆಗೆದರೆ ಮೆಟ್ಟಿಲ ಮೇಲೆ ಇಬ್ಬರು ಕೂತಿರುತ್ತಾರೆ. ಮಧ್ಯಾಹ್ನದ ಊಟಕ್ಕೂ ಪುರಸೊತ್ತಿಲ್ಲ.

ಒಬ್ಬರು ಹಲ್ಲಿನ ಡಾಕ್ಟರು. ಐವತ್ತೈದು ದಾಟಿದೆ. ಸ್ಟೇರಿಂಗ್ ಹಿಡಿದರೆ ಕೈ ಬಿಡುವುದಿಲ್ಲ, ಗೇರು ಬದಲಾಯಿಸಲಿಕ್ಕೂ ಬಿಡುವುದಿಲ್ಲ. "ಡಾಕ್ಟ್ರೇ, ಎಡಗೈ ಕೊಡಿ" ಅಂದರೆ, "ಆಮೇಲೆ ಕೊಡ್ತೀನಿ ಮೇಡಂ" ಅಂತಾರೆ. ಎದುರಿಗೆ ಒಣಗಿದ ಎಲೆ ಹಾರಿಬಂದರೂ ಕಾರು ನಿಲ್ಲಿಸಿ ಅದು ದಾಟಿಹೋಗುವವರೆಗೆ ಕಾಯುತ್ತಾರೆ. ನನಗೆ ಒಳಗೊಳಗೇ ನಗು. ಊರಿನವರನ್ನೆಲ್ಲ ಆ ಕುರ್ಚಿಯಲ್ಲಿ ಕೂರಿಸಿ ಬೆವರಿಳಿಸುವ ಮನುಷ್ಯ ನನ್ನ ಪಕ್ಕದಲ್ಲಿ ಕೂತು ಬೆವರುತ್ತಿದ್ದಾರೆ.

ನಿನ್ನ ಪುಸ್ತಕ ಊರಿಗೆಲ್ಲ ಹಂಚಬೇಕು ಕಣೇ. ಸಂಪಾದಕರಿಗೆ ನನ್ನ ನಮಸ್ಕಾರ ಹೇಳು.

ಅವಸರದಲ್ಲಿ,
ಚಿಕ್ಕಮ್ಮ

•

ಆಗಸ್ಟ್ ೨೦

ಪ್ರೀತಿಯ ಚಿಕ್ಕಮ್ಮ,

ಮೂರು, ನಾಲ್ಕನೇ ಅಧ್ಯಾಯ ಕಳಿಸಿ ತಿಂಗಳಾಯಿತು. ನಿನ್ನಿಂದ ಒಂದು ಗೀಟೂ ಬಂದಿಲ್ಲ. ಬಿಡುವಿಲ್ಲದಷ್ಟು ಕೆಲಸ ಅಂದುಕೊಂಡು ಸಮಾಧಾನ ಮಾಡಿಕೊಂಡಿದ್ದೇನೆ. ಇಲ್ಲಿ ಕಚೇರಿಯಲ್ಲಿ ನಿನ್ನ ಬೋರ್ಡಿನ ಕತೆ ಎಲ್ಲರಿಗೂ ಹೇಳಿದ್ದೇನೆ, ಕೊಚ್ಚಿಕೊಂಡಿದ್ದೇನೆ ಅಂತಲೇ ಇಟ್ಟುಕೋ. ಎರಡನೇ ಅಧ್ಯಾಯದ ಕೊನೆಗೆ ಅದನ್ನೇ ಉದಾಹರಣೆಯಾಗಿ ಸೇರಿಸಲೇ?

ಮಂಡಿ ಹೇಗಿದೆ? ಸುಳ್ಳು ಹೇಳಬೇಡ.

ನಿನ್ನ
ಅಕ್ಕನ ಮಗಳು

•

ಆಗಸ್ಟ್ ೩೦

ಮಗಳೇ,

ಎಲ್ಲ ಚೆನ್ನಾಗಿದೆ. ಮಂಡಿಯೂ ಇದೆ.

ನಾಲ್ಕನೇ ಅಧ್ಯಾಯ ವಾಪಸು ಕಳಿಸಿದ್ದೇನೆ. ಹೋದ ದುಡ್ಡು ಹೋಯಿತು, ಅದಕ್ಕಾಗಿ ಮುಂದಿನದನ್ನೂ ಸುರಿಯಬಾರದು ಅಂದಿದ್ದೀಯಲ್ಲ, ಅದು ಅರ್ಥವಾಯಿತು. ಆದರೆ ಎಲ್ಲಿ ನಿಲ್ಲಿಸಬೇಕು ಅಂತ ಹೇಗೆ ತಿಳಿಯುವುದು? ಅದನ್ನು ನೀನು ಬರೆದಿಲ್ಲ. ಅಲ್ಲಿ ದೊಡ್ಡದಾಗಿ ಗೀಚಿದ್ದೇನೆ ನೋಡು.

ಹಾಳೆ ಮುಗಿದಿತ್ತು, ಕೈಗೆ ಸಿಕ್ಕಿದ ಕಾಗದದ ಹಿಂಬದಿಯಲ್ಲಿ ಟಿಪ್ಪಣಿ ಬರೆದಿದ್ದೇನೆ. ಬೇಜಾರು ಮಾಡಿಕೊಳ್ಳಬೇಡ. ಬೋರ್ಡಿನ ಕತೆಯನ್ನು ಪುಸ್ತಕಕ್ಕೆ ಈಗಲೇ ಸೇರಿಸಬೇಡ, ಇರಲಿ.

ಚಿಕ್ಕಮ್ಮ

•

ಸೆಪ್ಟೆಂಬರ್ ೮

ಚಿಕ್ಕಮ್ಮ,

ನಿನ್ನ ಟಿಪ್ಪಣಿ ಓದಿ ಹಾಳೆ ತಿರುಗಿಸಿದೆ. ಅದು ನಿನ್ನ ಪಾಠದ ಹಾಜರಿಪಟ್ಟಿ.

ಹಲ್ಲಿನ ಡಾಕ್ಟರು, ನಲವತ್ಮೂರು ಪಾಠ, ಮೂರು ಸಲ ಫೇಲು. ಬಟ್ಟೆ ಅಂಗಡಿಯ ಅಕ್ಕ, ಮೂವತ್ತೆಂಟು, ಎರಡು ಸಲ ಫೇಲು. ನಿವೃತ್ತ ಪೋಸ್ಟ್‌ಮಾಸ್ಟರು, ಮೂವತ್ತೊಂದು. ಹಳೆಯ ಐವರ ಪಾಠ ಜುಲೈಗೇ ಮುಗಿದಿದೆ, ಹೊಸ ಹನ್ನೊಂದು ಜನರಲ್ಲಿ ಒಬ್ಬರೂ ಪಾಸಾಗಿಲ್ಲ. ಎರಡು ತಿಂಗಳಿಂದ ನೀನು ಒಂದು ಪೈಸೆ ಇಲ್ಲದೆ ಕಲಿಸುತ್ತಿದ್ದೀಯ, ಮೇಲಿಂದ ಪೆಟ್ರೋಲು ನಿನ್ನದೇ. ಎಲ್ಲ ಚೆನ್ನಾಗಿದೆ ಅಂತ ಬೇರೆ ಬರೆಯುತ್ತೀಯ!

ಹೊಳೆಯಲು ನನಗೆ ಐದು ನಿಮಿಷ ಸಾಕಾಯಿತು. ಬೋರ್ಡು ಹಾಕಿಸುವ ಮುಂಚೆ ಆ ಐದು ನಿಮಿಷ ನಾನು ಯೋಚಿಸಲಿಲ್ಲ. ಚುರುಕಾಗಿ ಕಲಿಯುವವರಿಗೆ ನಿನ್ನ ಷರತ್ತು ಯಾಕೆ ಬೇಕು? ಅವರು ಹತ್ತು ಕಾರಿನವರ ಹತ್ತಿರ ಅರ್ಧ ದರಕ್ಕೆ ಹದಿನೈದು ಪಾಠ ಕಲಿತು ಪಾಸಾಗುತ್ತಾರೆ. ಪಾಸಾಗುವವರೆಗೆ ದುಡ್ಡಿಲ್ಲ ಅನ್ನುವ ಬೋರ್ಡು ನೋಡಿ ಓಡಿಬರುವವರು ಪಾಸಾಗುವ ಭರವಸೆಯೇ ಇಲ್ಲದವರು. ಷರತ್ತು ಇಟ್ಟಾಗ ಆ ಷರತ್ತೇ ಬರುವವರನ್ನು ಆರಿಸಿ ತರುತ್ತದೆ. ಇದು ಕಾಲೇಜಿನ ಎರಡನೇ ವರ್ಷದ ಪಾಠ, ನಾನೇ ಪರೀಕ್ಷೆಯಲ್ಲಿ ಬರೆದು ಅಂಕ ತೆಗೆದುಕೊಂಡಿದ್ದೆ. ನಿನಗೆ ಬರೆಯುವಾಗ ಮರೆತೆ.

ಇವತ್ತು ಸಂಪಾದಕರ ಬಳಿ ಹೋಗಿ, ಈ ಪುಸ್ತಕ ಬೇರೆಯವರಿಗೆ ಕೊಡಿ ಅಂದೆ. ಒಬ್ಬರ ಹೊಟ್ಟೆಪಾಡನ್ನೇ ಹಾಳು ಮಾಡಿದವಳು ಊರಿಗೆ ಬುದ್ಧಿ ಹೇಳುವುದು ಹೇಗೆ? ಬೋರ್ಡು ಇಳಿಸಿಬಿಡು ಚಿಕ್ಕಮ್ಮ. ನನ್ನಿಂದಾಗಿ ನೀನು ಸ್ಕೂಲು ಮುಚ್ಚುವ ಹಾಗಾದರೆ ನಾನು ನಿನಗೆ ಮುಖ ತೋರಿಸಲಾರೆ.

ಅಕ್ಕನ ಮಗಳು

•

ಸೆಪ್ಟೆಂಬರ್ ೧೯

ಲೇ ಹುಚ್ಚು ಹುಡುಗಿ,

ಮೊದಲು ಮೂಗು ಒರೆಸಿಕೋ. ಆಮೇಲೆ ಓದು.

ಬೋರ್ಡು ಹಾಕು ಅಂದದ್ದು ನೀನು, ಹಾಕಿದ್ದು ನಾನು. ನನಗೇನು ಬುದ್ಧಿ ಇರಲಿಲ್ಲವೇ? ಎರಡನೇ ವಾರಕ್ಕೇ ಗೊತ್ತಾಗಿತ್ತು, ಬಂದವರೆಲ್ಲ ಎಲ್ಲೋ ಒಂದು ಕಡೆ ಬೈಸಿಕೊಂಡು ಬಂದವರು ಅಂತ. ಬಟ್ಟೆ ಅಂಗಡಿಯ ಅಕ್ಕನಿಗೆ ಹತ್ತು ಕಾರಿನ ಮೇಷ್ಟ್ರು, "ನಿಮಗೆ ಸೈಕಲ್ಲೇ ಸರಿ, ಇಳೀರಿ" ಅಂತ ನಡುರಸ್ತೆಯಲ್ಲಿ ಇಳಿಸಿದ್ದಾನೆ. ಪೋಸ್ಟ್‌ಮಾಸ್ಟರಿಗೆ ಮನೆಯಲ್ಲಿ ಮಗನೇ, "ಈ ವಯಸ್ಸಲ್ಲಿ ಯಾಕಪ್ಪಾ ನಿಂಗೆ" ಅಂದಿದ್ದಾನೆ. ಡಾಕ್ಟರಂತೂ ಮೂರು ಸ್ಕೂಲು ಸುತ್ತಿ ಬಂದವರು. ಬೋರ್ಡು ಇಳಿಸಿದರೆ ಅವರು ಎಲ್ಲಿಗೆ ಹೋಗಬೇಕು? ಅದಕ್ಕೇ ನಿನಗೆ ಹೇಳಲಿಲ್ಲ. ಹೇಳಿದ್ದರೆ ಇಳಿಸು ಅನ್ನುತ್ತಿದ್ದೆ, ಈಗ ಅಂದೆಯಲ್ಲ ಹಾಗೆ.

ಹಾಗಂತ ಚಿಂತೆ ಇಲ್ಲ ಅಂತಲ್ಲ. ಗುಡ್ಡೆ ಹಾಕಿದ ದುಡ್ಡು ಕರಗುತ್ತಿದೆ. ನವೆಂಬರ್ ಕೊನೆಯವರೆಗೆ ನೂಕಬಹುದು, ಅಷ್ಟೇ. ಮೊನ್ನೆ ಆ ಮಾಲೀಕರು ಪೆಟ್ರೋಲ್ ಬಂಕಿನಲ್ಲಿ ಸಿಕ್ಕಿದ್ದರು. "ಹೆದರುಪುಕ್ಕಲರನ್ನೆಲ್ಲ ನೀವೇ ಸೇರಿಸ್ಕೊಂಡಿದೀರಂತೆ! ನಿಮಗೆ ತಾಳ್ಮೆ ಜಾಸ್ತಿ ಆಯ್ತು ಮೇಡಂ, ವ್ಯಾಪಾರಕ್ಕೆ ಅದು ಒಳ್ಳೇದಲ್ಲ" ಅಂತ ನಕ್ಕರು. ನಾನೂ ನಕ್ಕೆ. ಮನೆಗೆ ಬಂದ ಮೇಲೆ ಊಟ ಸೇರಲಿಲ್ಲ.

ನಿಜ ಹೇಳು, ನಿನ್ನ ಶಾಸ್ತ್ರದ ಪ್ರಕಾರ ನಾನು ದಡ್ಡಿಯಾ? ಪುಸ್ತಕ ಬಿಡುತ್ತೇನೆ ಅನ್ನುವ ಮಾತು ಇನ್ನೊಂದು ಸಲ ಬಂದರೆ ಅಲ್ಲಿಗೇ ಬಂದು ಕಿವಿ ಹಿಂಡುತ್ತೇನೆ. ಮೊದಲು ನನ್ನ ಪ್ರಶ್ನೆಗೆ ಉತ್ತರ ಕೊಡು, ಆಮೇಲೆ ಅಳು.

ನಿನ್ನ
ಚಿಕ್ಕಮ್ಮ

•

ಅಕ್ಟೋಬರ್ ೨

ಪ್ರೀತಿಯ ಚಿಕ್ಕಮ್ಮ,

ಸಂಪಾದಕರು ನಾನು ಪುಸ್ತಕ ಬಿಡುವ ಮಾತನ್ನು ಕಿವಿಗೇ ಹಾಕಿಕೊಳ್ಳಲಿಲ್ಲ. "ತಪ್ಪು ಮಾಡಿದೀರಲ್ಲ, ಅದನ್ನೇ ಬರೀರಿ. ಓದೋರಿಗೆ ಉಪಯೋಗ ಆಗುತ್ತೆ" ಅಂದರು.

ನಿನ್ನ ಪ್ರಶ್ನೆಯನ್ನು ಹತ್ತು ದಿನ ತಲೆಯಲ್ಲಿಟ್ಟುಕೊಂಡು ಓಡಾಡಿದೆ. ನೀನು ದಡ್ಡಿಯಲ್ಲ. ನಿನ್ನ ಹತ್ತಿರ ಇರುವ ಒಂದು ವಸ್ತುವಿಗೆ ನೀನು ಇಪ್ಪತ್ತಾರು ವರ್ಷದಿಂದ ಬೆಲೆಯನ್ನೇ ಕಟ್ಟಿಲ್ಲ, ಅಷ್ಟೇ.

ಗೇರು, ಕ್ಲಚ್ಚು, ರಿವರ್ಸು ಕಲಿಸುವವರು ಊರು ತುಂಬ ಇದ್ದಾರೆ. ಹತ್ತು ಕಾರು ಬಂದ ಮೇಲೆ ಇನ್ನೂ ಹೆಚ್ಚಾದರು. ಯಾವುದು ಹೇರಳವೋ ಅದರ ದರ ಇಳಿಯುತ್ತದೆ, ಆ ಆಟದಲ್ಲಿ ನೀನು ಅವರನ್ನು ಗೆಲ್ಲಲಾರೆ. ಆದರೆ ನಡುಗುವ ಮನುಷ್ಯನ ಪಕ್ಕ ನಲವತ್ಮೂರು ಗಂಟೆ ಕೂತು ಒಂದು ಸಲವೂ ದನಿ ಏರಿಸದೆ ಇರಬಲ್ಲವರು ಊರಿನಲ್ಲಿ ಎಷ್ಟು ಜನ? ನನಗೆ ಗೊತ್ತಿರುವ ಮಟ್ಟಿಗೆ ಒಬ್ಬಳು. ಅದು ಬೇಕಾದವರು ಎಷ್ಟು ಜನ? ಬೋರ್ಡು ಹಾಕಿದ ವಾರದಲ್ಲೇ ಹನ್ನೊಂದು ಮಂದಿ ಮೆಟ್ಟಿಲ ಮೇಲೆ ಬಂದು ಕೂತರು. ನಾವಿಬ್ಬರೂ ಅದನ್ನು ನಷ್ಟದ ಪಟ್ಟಿ ಅಂದುಕೊಂಡೆವು, ಚಿಕ್ಕಮ್ಮ. ಅದು ಬೇಡಿಕೆಯ ಪಟ್ಟಿ.

ನಿನ್ನ ತಾಳ್ಮೆ ನಿನಗೆ ಉಸಿರಾಟದಷ್ಟು ಸಹಜ, ಅದಕ್ಕೆ ಅದು ಕೆಲಸ ಅಂತ ನಿನಗೇ ಅನ್ನಿಸಿಲ್ಲ. ನನಗೂ ಅನ್ನಿಸಿರಲಿಲ್ಲ. ಹಿಂದಿನ ಸೀಟಿನಲ್ಲಿ ಹನ್ನೆರಡು ವರ್ಷ ಅದನ್ನು ಪುಕ್ಕಟೆಯಾಗಿ ಉಂಡವಳು ನಾನು. ಮಗ್ಗಿ ತಪ್ಪಿದರೆ ನೀನು ಒಂದು ದಿನವೂ ಬೈಯಲಿಲ್ಲ. ಇದನ್ನೆಲ್ಲ ನಿನಗೆ ಈ ಮೊದಲೇ ಹೇಳಬೇಕಿತ್ತು.

ಆದರೆ ಈ ಸಲ ನನ್ನ ಮಾತನ್ನು ಹಾಗೇ ನಂಬಿ ಬೋರ್ಡು ಹಾಕಬೇಡ. ಮೊದಲು ವಿಚಾರಿಸು. ಹತ್ತು ಕಾರಿನವರು ತಿಂಗಳಿಗೆ ಎಷ್ಟು ಜನರನ್ನು ಕಲಿಸಲಾಗದೆ ವಾಪಸು ಕಳಿಸುತ್ತಾರೆ? ಅಂಥವರಿಂದ ಅವರಿಗೆ ಏನು ನಷ್ಟ? ನಿನ್ನ ಹತ್ತಿರ ಬರುವ ಚುರುಕಿನವರನ್ನು ಅವರಿಗೆ ಕೊಟ್ಟು, ಅವರ ಹೆದರುವವರನ್ನು ನೀನು ತೆಗೆದುಕೊಂಡರೆ? ಇಬ್ಬರಿಗೂ ಅವರವರಿಗೆ ಒಗ್ಗಿದ ಕೆಲಸ ಉಳಿಯುತ್ತದೆ. ಸಂಬಳಕ್ಕೆ ಸೇರಿದರೆ ನಿನ್ನನ್ನೂ ಇಪ್ಪತ್ತು ನಿಮಿಷದ ಪಾಠಕ್ಕೆ ಹಚ್ಚುತ್ತಾರೆ. ನೀನು ಬಿಟ್ಟುಕೊಡುವುದು ಬರೀ ಹಳೆಯ ಕಾರನ್ನಲ್ಲ.

ತಪ್ಪಿದ್ದರೆ ಗೀಚು.

ನಿನ್ನ
ಅಕ್ಕನ ಮಗಳು

•

ಅಕ್ಟೋಬರ್ ೨೪

ಮಗಳೇ,

ನಿನ್ನ ಕಾಗದವನ್ನು ಎಷ್ಟು ಸಲ ಓದಿದೆ ಅಂತ ಹೇಳುವುದಿಲ್ಲ, ನೀನು ಮೆರೆಯುತ್ತೀಯ. ಒಂದು ಕಡೆಯೂ ಗೀಚಲಿಲ್ಲ.

ಸೋಮವಾರ ಇಸ್ತ್ರಿ ಸೀರೆ ಉಟ್ಟು ಹತ್ತು ಕಾರಿನ ಕಚೇರಿಗೆ ಹೋದೆ. ಗಾಜಿನ ಬಾಗಿಲು, ತಣ್ಣನೆಯ ಕೋಣೆ. ಮಾಲೀಕರು ನಾನು ಸಂಬಳಕ್ಕೆ ಒಪ್ಪಲು ಬಂದೆ ಅಂದುಕೊಂಡು ಎದ್ದು ನಿಂತು ಕುರ್ಚಿ ಎಳೆದರು. ನಾನು ನೇರವಾಗಿ ಕೇಳಿಬಿಟ್ಟೆ. "ಕಲಿಯೋಕೆ ಆಗದೆ ಬಿಟ್ಟುಹೋಗೋರು ತಿಂಗಳಿಗೆ ಎಷ್ಟು ಜನ ನಿಮ್ಮಲ್ಲಿ?"

ಮುಖ ಸಪ್ಪಗಾಯಿತು. "ಏಳೆಂಟು ಜನ. ಯಾಕೆ ಮೇಡಂ?"

"ಅವರಿಂದ ನಿಮಗೇನು ಕಷ್ಟ?"

ಕಟ್ಟೆ ಒಡೆದ ಹಾಗೆ ಶುರುವಾಯಿತು ನೋಡು. ಎರಡು ಕಾರು ಗ್ಯಾರೇಜಿನಲ್ಲಿವೆ, ಒಂದು ಮರಕ್ಕೆ ಗುದ್ದಿದ್ದು, ಇನ್ನೊಂದು ಹಾಲಿನ ವ್ಯಾನಿಗೆ. ಮೇಷ್ಟ್ರುಗಳು ಅಂಥವರ ಜೊತೆ ಕೂರುವುದಿಲ್ಲ ಅಂತ ಹಟ ಮಾಡುತ್ತಾರೆ. ಬಿಟ್ಟುಹೋದವರು ಬೀದಿಯೆಲ್ಲ ಬೈದುಕೊಂಡು ತಿರುಗುತ್ತಾರೆ. ಎಲ್ಲ ಕೇಳಿಸಿಕೊಂಡ ಮೇಲೆ ನಾನು ಅಂದೆ, "ಆ ಏಳೆಂಟು ಜನರನ್ನ ನಂಗೆ ಕಳಿಸಿ. ನನ್ನ ಹತ್ತಿರ ಬರೋ ಚುರುಕು ಹುಡುಗ ಹುಡುಗೀರನ್ನ ನಾನು ನಿಮ್ಮ ಕಡೆ ಕಳಿಸ್ತೀನಿ."

ಅವರು ಕಣ್ಣು ಕಿರಿದು ಮಾಡಿ ನನ್ನನ್ನೇ ನೋಡಿದರು. "ಮೇಡಂ, ನಿಮಗೆ ಯಾರು ಹೇಳಿಕೊಟ್ರು ಇದನ್ನ?"

"ನಮ್ಮ ಮನೆ ಹುಡುಗಿ. ಪುಸ್ತಕ ಬರೀತಾಳೆ" ಅಂದೆ. ಆಗಲಿ ಅಂತ ಒಪ್ಪಿ ಬಾಗಿಲವರೆಗೆ ಬಂದು ಕಳಿಸಿಕೊಟ್ಟರು. ಆದರೂ ಮುಂಚಿನ ಮಾತು ಹಾಗೇ ಇದೆ, ಮನಸ್ಸು ಬದಲಾದರೆ ನವೆಂಬರ್ ಮೂವತ್ತರೊಳಗೆ ಸಂಬಳಕ್ಕೆ ಬರಬಹುದಂತೆ.

ಇನ್ನೊಂದು ಸುದ್ದಿ. ಡಾಕ್ಟರು ಪಾಸಾದರು! ಅರವತ್ತೊಂದನೇ ಪಾಠ ಮುಗಿಸಿ, ಐದನೇ ಪರೀಕ್ಷೆಯಲ್ಲಿ. ಪರೀಕ್ಷೆ ಮಾಡುವವರ ಎದುರೇ ಗಳಗಳ ಅತ್ತುಬಿಟ್ಟರು. ಇಪ್ಪತ್ತು ಪಾಠದ ಹಣ ಎಣಿಸಿ ಕೈಯಲ್ಲಿಟ್ಟು, "ಇದು ಸಾಲದು, ನಿಮ್ಮ ಹಲ್ಲೆಲ್ಲ ಪುಕ್ಕಟೆ ನೋಡ್ಕೊಡ್ತೀನಿ, ಬನ್ನಿ ಮೇಡಂ" ಅಂದರು. ನಾನು ಅಲ್ಲಿಂದ ಕಾಲಿಗೆ ಬುದ್ಧಿ ಹೇಳಿದೆ.

ಉಳಿದದ್ದು ಒಂದೇ ತೊಡಕು. ದರ. ಈಗಾಗಲೇ ಬಂದವರಿಗೆ ಕೊಟ್ಟ ಮಾತು ಹಾಗೇ ಇರಲಿ, ಹೊಸಬರಿಗೆ ಪಾಸಾದರೆ ದುಡ್ಡು ಅನ್ನುವುದನ್ನು ಅಳಿಸಿ, ಪಾಠಕ್ಕಿಷ್ಟು ಅಂತ ಬರೆಯಬೇಕು, ಮುಂಚಿನದಕ್ಕಿಂತ ಹೆಚ್ಚು. ಡಬ್ಬಿ ಬಣ್ಣ ತಂದಿಟ್ಟು ಒಂದು ವಾರವಾಯಿತು, ಕುಂಚ ಅದ್ದಲು ಕೈ ಬರುತ್ತಿಲ್ಲ. ಹೆದರಿ ಬಂದವರ ಹತ್ತಿರ ಜಾಸ್ತಿ ಕೇಳುವುದು ಪಾಪವಲ್ಲವೇ? ಹಳೆಯ ದರವೇ ಇರಲಿ ಅನ್ನಿಸುತ್ತದೆ.

ಚಿಕ್ಕಮ್ಮ

•

ನವೆಂಬರ್ ೫

ಪ್ರೀತಿಯ ಚಿಕ್ಕಮ್ಮ,

ನೀನು ಡಾಕ್ಟರಿಂದ ಓಡಿಹೋದದ್ದನ್ನು ಓದಿ ಕಚೇರಿಯಲ್ಲಿ ಹೊಟ್ಟೆ ಹುಣ್ಣಾಗುವಷ್ಟು ನಕ್ಕೆವು.

ಹಳೆಯ ದರ ಇಟ್ಟರೆ ಏನಾಗುತ್ತದೆ ಅಂತ ನಿನ್ನ ಹಾಜರಿಪಟ್ಟಿ ಇಟ್ಟುಕೊಂಡೇ ನೋಡಿದೆ. ಹೆದರುವವರಿಗೆ ಪೂರಾ ಒಂದು ಗಂಟೆ ಬೇಕು. ಪಾಠ ಮುಗಿದ ಮೇಲೂ ಅರ್ಧ ಗಂಟೆ ಮಾತಾಡಿ ಮನೆಗೆ ಕಳಿಸುತ್ತೀಯ. ದಿನಕ್ಕೆ ಆರು ಜನರಿಗಿಂತ ಹೆಚ್ಚು ಆಗುವುದಿಲ್ಲ. ಹಳೆಯ ದರದಲ್ಲಿ ಆರು ಜನರಿಂದ ಈ ಕಾರು ಇನ್ನೊಂದು ವರ್ಷ ಓಡುವುದಿಲ್ಲ. ಆಮೇಲೆ ಬಟ್ಟೆ ಅಂಗಡಿಯ ಅಕ್ಕನಂಥವರು ಮತ್ತೆ ನಡುರಸ್ತೆಯಲ್ಲಿ ಇಳಿಯಬೇಕಾಗುತ್ತದೆ. ನಿಜಕ್ಕೂ ಕೈಯಲ್ಲಿ ಇಲ್ಲದವರು ಬಂದರೆ ಅವರಿಗೆ ಬೇರೆ ಮಾಡಿಕೊಡು, ಅದು ನಿನಗೆ ಹೇಳಿಕೊಡಬೇಕಾಗಿಲ್ಲ. ಎಲ್ಲರಿಗೂ ಅಗ್ಗ ಮಾಡಿ ಸ್ಕೂಲು ಮುಚ್ಚಿದರೆ ಯಾರಿಗೂ ಉಪಕಾರವಾಗುವುದಿಲ್ಲ.

ಎಷ್ಟು ಅಂತ ನಾನು ಹೇಳುವುದಿಲ್ಲ. ಒಂದು ಸಲ ಹೇಳಿ ಕೆಟ್ಟಿದ್ದೇನೆ. ನೀನೇ ಯೋಚಿಸಿ ಬರಿ, ನಿನ್ನ ಕೈಯಲ್ಲೇ ಬರಿ.

ನಿನ್ನ
ಅಕ್ಕನ ಮಗಳು

•

ನವೆಂಬರ್ ೨೯

ನನ್ನ ಮಗಳಿಗೆ,

ಬರೆದೆ. ಮೊನ್ನೆ ಬೆಳಿಗ್ಗೆ ಸ್ಟೂಲು ಹತ್ತಿ, ನನ್ನ ಕೈಯಿಂದಲೇ. "ಹೆದರುವವರಿಗೆ ಕಾರು ಕಲಿಸಲಾಗುತ್ತದೆ. ಪಾಠ ಒಂದು ಗಂಟೆ." ಅದರ ಕೆಳಗೆ ದರ, ಹಳೆಯದರ ಒಂದೂಮುಕ್ಕಾಲು ಪಟ್ಟು. ಅಂಕಿಯನ್ನು ಎರಡು ಸಲ ತಿದ್ದಿ ಬಣ್ಣ ಸ್ವಲ್ಪ ಇಳಿದಿದೆ. ಇಳಿದು ಬಾಗಿಲಿಗೆ ಒರಗಿ ನಿಂತೆ, ದಾರಿಯಲ್ಲಿ ಹೋಗುವವರು ಯಾರಾದರೂ ಕಲ್ಲು ಹೊಡೆಯುತ್ತಾರೇನೋ ಅಂತ. ಯಾರೂ ತಿರುಗಿಯೂ ನೋಡಲಿಲ್ಲ. ಮಧ್ಯಾಹ್ನದವರೆಗೆ ಹೊಸಬರು ಒಬ್ಬರೂ ಬರಲಿಲ್ಲ. ಆಯಿತು, ನಾಳೆ ಹೋಗಿ ಸಂಬಳಕ್ಕೆ ಒಪ್ಪಿಕೊಳ್ಳುವುದೇ ಸರಿ ಅಂತ ಲೋಟ ತೊಳೆಯಲು ಒಳಗೆ ಹೋದೆ.

ಹೊರಗೆ ಬಂದಾಗ ಬೋರ್ಡಿನ ಮುಂದೆ ಒಬ್ಬ ಹೆಂಗಸು ನಿಂತಿದ್ದಳು. ನಲವತ್ತರ ಆಸುಪಾಸು, ಭುಜದಲ್ಲಿ ದೊಡ್ಡ ಚೀಲ. ಮನೆಮನೆಗೆ ಹೋಗಿ ಹೆರಿಗೆ ಮಾಡಿಸುವ ನರ್ಸಂತೆ. ಹತ್ತು ಕಾರಿನವರು ಕಳಿಸಿದ್ದರು, ಚೀಟಿ ಇತ್ತು ಕೈಯಲ್ಲಿ. ಬೋರ್ಡನ್ನು ಮೇಲಿಂದ ಕೆಳಗೆ ಓದಿ, ದರದ ಹತ್ತಿರ ನಿಂತಳು. ನಾನೇ ಮುಂದಾಗಿ, "ಸ್ವಲ್ಪ ಜಾಸ್ತಿ ಅನ್ನಿಸ್ತಾ? ಕಮ್ಮಿ ಮಾಡ್ಕೊಡ್ತೀನಿ ಬಿಡಿ" ಅನ್ನಬೇಕು, ಮಾತು ನಾಲಿಗೆ ತುದಿಯವರೆಗೆ ಬಂದಿತ್ತು.

"ಇಷ್ಟೇನಾ?" ಅಂದಳು ಅವಳು.

ಒದ್ದೆ ಕೈಯನ್ನು ಸೆರಗಿಗೆ ಒರೆಸಿಕೊಂಡೆ.

"ಒಂಬತ್ತು ವರ್ಷದಿಂದ ಹೆದರ್ಕೊಂಡು ಬಸ್ಸಲ್ಲೇ ಓಡಾಡ್ತಿದೀನಿ ಅಕ್ಕಾ" ಅಂದಳು. "ಒಂದ್ಸಲ ಬಸ್ಸಿಗೆ ಕಾದು ಕಾದು ಹೆರಿಗೆಗೆ ಲೇಟಾಗಿ ಹೋದೆ. ಅದಕ್ಕೆ ತೆತ್ತಿದ್ದನ್ನ ನೋಡಿದ್ರೆ ಇದು ಏನೂ ಅಲ್ಲ."

ಯಾವ ಮನೆ, ಏನಾಯಿತು, ನಾನು ಕೇಳಲಿಲ್ಲ. ಚೀಲ ಇಳಿಸಿಕೊಂಡು ಹಿಂದಿನ ಸೀಟಿನಲ್ಲಿಟ್ಟೆ. ಒಂದು ಗಂಟೆ ಪಾಠವಾಯಿತು. ಕಾರು ಅಂಗಳ ಬಿಟ್ಟು ಹೊರಗೆ ಹೋಗಲಿಲ್ಲ, ಮೊದಲ ದಿನ ಅಷ್ಟೇ ಸಾಕು. ಹೋಗುವಾಗ ಪೂರಾ ದುಡ್ಡು ಕೊಟ್ಟಳು. ನಾನು ತೆಗೆದುಕೊಂಡೆ ಕಣೇ, ನಾಚಿಕೆ ಪಡದೆ ತೆಗೆದುಕೊಂಡೆ. ಆಮೇಲೆ ಸ್ಟೇರಿಂಗ್ ಮೇಲೆ ತಲೆಯಿಟ್ಟು ಅತ್ತೆ. ನಿನ್ನ ಚಿಕ್ಕಪ್ಪ ಬದುಕಿದ್ದಾಗಲೂ, "ನಿಂದು ಬಹಳ ನಿಧಾನ" ಅನ್ನುತ್ತಿದ್ದರು. ನಾನೂ ಹಾಗೇ ಅಂದುಕೊಂಡಿದ್ದೆ ಇಷ್ಟು ವರ್ಷ. ನನ್ನ ನಿಧಾನವನ್ನು ಹುಡುಕಿಕೊಂಡು ಜನ ಬರುತ್ತಾರೆ, ಅದು ಸಿಗದೆ ಅವರು ಏನೇನೋ ಕಳೆದುಕೊಂಡಿದ್ದಾರೆ ಅಂತ ನನಗೆ ಯಾರೂ ಹೇಳಿರಲಿಲ್ಲ. ನೀನು ಹೇಳಿದೆ. ನಾನು ಓದಿದವಳಲ್ಲ, ಚೆಂದ ಮಾಡಿ ಹೇಳಲು ಬರುವುದಿಲ್ಲ, ನೀನು ನನಗೆ ಮಾಡಿದ ಉಪಕಾರ ದೊಡ್ಡದು ಮಗಳೇ.

ಇವತ್ತು ಬೆಳಿಗ್ಗೆ ಮಾಲೀಕರಿಗೆ ಫೋನ್ ಮಾಡಿ ಸಂಬಳಕ್ಕೆ ಬರುವುದಿಲ್ಲ ಅಂದೆ. "ಗೊತ್ತಿತ್ತು ಮೇಡಂ. ಇನ್ನೂ ಮೂರು ಜನ ಇದಾರೆ, ಸೋಮವಾರ ಕಳಿಸ್ಲಾ?" ಅಂದರು.

ಕಳಿಸಿ ಅಂದೆ. ನರ್ಸಮ್ಮನ ಎರಡನೇ ಪಾಠ ಇನ್ನು ಹತ್ತು ನಿಮಿಷಕ್ಕೆ. ಬಸ್ಸಿಳಿದು ಬರುತ್ತಿದ್ದಾಳೆ, ಕಿಟಕಿಯಿಂದ ಕಾಣುತ್ತಿದ್ದಾಳೆ. ಎದ್ದು ಹೋಗುತ್ತೇನೆ, ಅವಳು ಕಾಯುವುದು ಬೇಡ.

ನಿನ್ನ
ಚಿಕ್ಕಮ್ಮ